ನೀಲಾಬಾಯಿ ಅಕ್ಕೋರ ನಡಿಗೆ

ಅಕ್ಕೋರು ಕುಡಿಯುತ್ತಾರೆ ಎಂಬ ಮಾತು ಕರಿಮಡ್ಡಿಯಲ್ಲಿ ಹುಟ್ಟಿದ್ದು ಒಂದು ಸಂಜೆ, ಹಣಮಪ್ಪನ ಗುಡಿಯ ಕಟ್ಟೆಯ ಮುಂದೆ. ಹುನಗುಂದ ತಾಲೂಕಿನ ಆ ಊರಿಗೆ ಎಪ್ಪತ್ತೆಂಟನೆಯ ಇಸವಿಯ ಹೊತ್ತಿಗೆ ಕರೆಂಟು ಬಂದಿತ್ತು. ಆದರೆ ಬೀದಿ ದೀಪ ಹತ್ತಿದ ದಿನಗಳಿಗಿಂತ ಹತ್ತದ ದಿನಗಳೇ ಹೆಚ್ಚು. ನೀಲಾಬಾಯಿ ಅಲ್ಲಿನ ಪ್ರಾಥಮಿಕ ಶಾಲೆಯ ಶಿಕ್ಷಕಿ. ಅಂದು ಅವಳು, ಶಾಲೆ ಬಿಟ್ಟು ಕಳೆ ತೆಗೆಯಲು ಹೋಗುತ್ತಿದ್ದ ಹುಡುಗಿಯೊಬ್ಬಳ ಮನೆಗೆ ಹೋಗಿ, ತಾಯಿಯನ್ನು ಒಪ್ಪಿಸಿ ವಾಪಸು ಬರುತ್ತಿದ್ದಳು. ಹೊತ್ತು ಮುಳುಗಿತ್ತು. ಕಟ್ಟೆಯ ಮೇಲೆ ಕೂತಿದ್ದ ಗಂಡಸರಲ್ಲಿ ಯಾರೋ ಒಬ್ಬರು "ನಮಸ್ಕಾರ್ರಿ ಅಕ್ಕೋರ" ಎಂದರು. ಅವಳು ಆ ಕಡೆ ತಲೆ ತಿರುಗಿಸಿದಳು. ಅಷ್ಟೇ. ಕಾಲ ಕೆಳಗಿನ ನೆಲ ಎಲ್ಲಿದೆಯೆಂದೇ ತಿಳಿಯದಾಯಿತು. ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿ, ಅಲ್ಲೇ ಬಿಟ್ಟಿದ್ದ ಬಂಡಿಯ ನೊಗದ ಮೇಲೆ ಬಿದ್ದಳು.

"ಅಕ್ಕೋರು ಇವತ್ತ ಜರಾ ಜಾಸ್ತೀನ ಹಾಕ್ಯಾರ" ಎಂದಿತು ಒಂದು ದನಿ. ಕಟ್ಟೆಯೆಲ್ಲ ನಕ್ಕಿತು.

ನೀಲಾಬಾಯಿ ನೊಗ ಹಿಡಿದು ಎದ್ದಳು. ಮೊಣಕೈ ತರಚಿ ರಕ್ತ ಬರುತ್ತಿತ್ತು.

"ಯಾರು ಅಂದವರು? ಎದ್ದು ನಿಂತು ಅನ್ರಿ. ಮಾರಿ ನೋಡ್ತೇನಿ."

ಯಾರೂ ಏಳಲಿಲ್ಲ. ಆದರೆ ದನಿ ಯಾರದೆಂದು ಅವಳಿಗೆ ಗೊತ್ತಿತ್ತು. ಅದು ಅಮಸಿದ್ದಪ್ಪನದು. ಊರಿನಲ್ಲಿ ದೊಡ್ಡ ಕಮತ, ನಾಲ್ಕು ಎತ್ತಿನ ಮನೆ, ಶಾಲೆಯ ಕಮಿಟಿಗೆ ಅವನೇ ಹಿರಿಯ. ಶಾಲೆಗೆ ಇದ್ದದ್ದು ಎರಡು ಕೋಣೆ. ಅವುಗಳಲ್ಲೊಂದರಲ್ಲಿ ಅವನ ಉಳ್ಳಾಗಡ್ಡಿ ಚೀಲಗಳು ವರ್ಷಗಟ್ಟಲೆ ಬಿದ್ದಿರುತ್ತಿದ್ದವು. ಒಂದನೆಯ, ಎರಡನೆಯ ಇಯತ್ತೆಯ ಮಕ್ಕಳು ಬಿಸಿಲಲ್ಲಿ, ಮಳೆಯಲ್ಲಿ ಪಡಸಾಲೆಯಲ್ಲೇ ಕೂಡಬೇಕಾಗಿತ್ತು. ನೀಲಾಬಾಯಿ ಎರಡು ಸಲ ಹೇಳಿ ನೋಡಿದಳು. ಮೂರನೆಯ ಸಲ ಹೇಳುವ ಬದಲು ಮಕ್ಕಳ ತಾಯಂದಿರನ್ನು ಕರೆದಳು. ಸೋಮವ್ವ ಎಂಬ ಗಟ್ಟಿ ಆಳಿನ ಹೆಂಗಸು ಮುಂದಾಗಿ ನಿಂತಳು; ಒಂದೇ ಮುಂಜಾನೆ ತಾಯಂದಿರು ಎಲ್ಲ ಚೀಲಗಳನ್ನೂ ಎಳೆದು ಅಮಸಿದ್ದಪ್ಪನ ಅಂಗಳದಲ್ಲಿ ಒಟ್ಟಿ ಬಂದಿದ್ದರು. ಆ ಸಿಟ್ಟು ಅವನ ಹೊಟ್ಟೆಯಲ್ಲಿತ್ತು. ಈಗ ಅದಕ್ಕೊಂದು ದಾರಿ ಸಿಕ್ಕಿತು.

ನೀಲಾಬಾಯಿ ಇಳಕಲ್ಲಿನ ನೇಕಾರರ ಮನೆಯವಳು. ತಂದೆ ತಾಯಿ ಇರಲಿಲ್ಲ. ಅಣ್ಣ ರಾಚಪ್ಪ ಮಗ್ಗ ನಡೆಸುತ್ತಿದ್ದ. ಹಿಂದಿನ ವರ್ಷ ಅವಳಿಗೆ ಕ್ಷಯ ತಗುಲಿ, ಆಗಿದ್ದ ಮದುವೆಯ ಮಾತೂ ಮುರಿದುಬಿದ್ದಿತ್ತು. ರಜೆ ಹಾಕಿ ಅಣ್ಣನ ಮನೆಯಲ್ಲಿದ್ದು ಔಷಧ ಮಾಡಿಸಿಕೊಂಡಳು. ದಿನಾಲೂ ಸ್ಟ್ರೆಪ್ಟೊಮೈಸಿನ್ ಸೂಜಿ. ಕೆಮ್ಮು ನಿಂತಿತು, ಜ್ವರ ಬಿಟ್ಟಿತು, ಕೆನ್ನೆ ತುಂಬಿಕೊಂಡವು. ಆದರೆ ಅದೇ ಹೊತ್ತಿಗೆ ಬೇರೆ ಏನೋ ಸುರುವಾಗಿತ್ತು. ಸುಮ್ಮನೆ ನಿಂತರೆ ಎಲ್ಲ ಸರಿ. ನಡೆಯತೊಡಗಿದರೆ ದಾರಿ ಕುಣಿಯುತ್ತಿತ್ತು. ಒಂದೊಂದು ಹೆಜ್ಜೆಗೂ ಮುಂದಿನ ಬೇವಿನ ಮರ, ಶಾಲೆಯ ಗೋಡೆ, ಎದುರು ಬರುವವರ ಮುಖ ಮೇಲೆ ಕೆಳಗೆ ಜಿಗಿಯುತ್ತಿದ್ದವು. ತಲೆಯನ್ನು ಸರಕ್ಕನೆ ಹೊರಳಿಸಿದರೆ ಎಲ್ಲವೂ ಬಳಿದ ಸುಣ್ಣದಂತೆ ಕಲಸಿಹೋಗುತ್ತಿತ್ತು. ಕತ್ತಲಾದರಂತೂ ಕಾಲು ತನ್ನವೇ ಅಲ್ಲ.

ಆರಾಮಾಗಿದೆ ಎಂದು ಬರೆಸಿಕೊಂಡು ನೌಕರಿಗೆ ಮರಳಿದ ಅವಳು ಇದನ್ನು ಯಾರಿಗೂ ಹೇಳಲಿಲ್ಲ. ಕರಿಹಲಗೆಯಿಂದ ಮಕ್ಕಳ ಕಡೆ ತಿರುಗುವಾಗ ಮೆಲ್ಲಗೆ ತಿರುಗುವುದನ್ನು ರೂಢಿಸಿಕೊಂಡಳು. ದಾರಿಯಲ್ಲಿ ಯಾರು ಬಂದರೂ ನಿಂತು ನೋಡಿಯೇ ಗುರುತು ಹಿಡಿಯಬೇಕಾಗಿತ್ತು. ನಿಲ್ಲದೆ ಹೋದ ದಿನ ಜನ "ಅಕ್ಕೋರಿಗೆ ಸೊಕ್ಕು ಬಂದೈತಿ" ಎಂದರು. ಅವಳು ಬಾಡಿಗೆಗಿದ್ದ ಮನೆಯ ಒಡತಿ ದಸ್ತಗೀರಬಿಗೆ ಮಾತ್ರ ಏನೋ ಆಗಿದೆಯೆಂದು ಗೊತ್ತಾಗಿತ್ತು. ಬಳೆ ಮಾರಿ ಬದುಕುವ ಆ ವಿಧವೆ ಊರೂರು ತಿರುಗಿದವಳು.

ಕಟ್ಟೆಯ ಮುಂದೆ ಬಿದ್ದ ಸಂಜೆ ಮೊಣಕೈಗೆ ಅರಿಸಿನ ಒತ್ತುತ್ತ ದಸ್ತಗೀರಬಿ ನೇರವಾಗಿ ಕೇಳಿದಳು.

"ನೀಲವ್ವಾ, ಕುಡಿಯೂದಿಲ್ಲ ಅಂತ ನನಗ ಗೊತ್ತೈತಿ. ಒಂದ ಮನ್ಯಾಗ ಇರೂದಿಲ್ಲೇನು ನಾವು. ಆದರ ಏನಾಗೇತಿ ಅದನ್ನ ಹೇಳು."

"ಗೊತ್ತಿದ್ರ ಹೇಳ್ತಿದ್ನಿ ಚಾಚಿ. ನನಗ ಚಕ್ಕರ್ ಬರೂದಿಲ್ಲ, ತಲಿ ಸುತ್ತೂದಿಲ್ಲ. ನೆಲಾನ ಕುಣೀತೈತಿ."

ಮುಂದಿನ ವಾರವೇ ಹುನಗುಂದದ ಶಿಕ್ಷಣ ಆಫೀಸಿಗೆ ಅರ್ಜಿ ಹೋಯಿತು. ಶಿಕ್ಷಕಿ ಕುಡಿದು ಬೀದಿಯಲ್ಲಿ ಬೀಳುತ್ತಾಳೆ, ಹೆಣ್ಣುಮಕ್ಕಳನ್ನು ಅವಳ ಕೈಗೆ ಕೊಡುವುದು ಹೇಗೆ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ಅಮಸಿದ್ದಪ್ಪನ ಸಹಿ, ಅವನ ಹಿಂದೆ ಕಟ್ಟೆಯವರ ಹೆಬ್ಬೆಟ್ಟುಗಳು. ಚೌಕಶಿಗೆ ಸಾಹೇಬರೇ ಬರುತ್ತಾರೆ ಎಂಬ ಸುದ್ದಿ ಬಂತು. ಸುದ್ದಿ ಇಳಕಲ್ಲನ್ನೂ ಮುಟ್ಟಿ, ರಾಚಪ್ಪ ಮೊದಲ ಬಸ್ಸಿಗೇ ಬಂದಿಳಿದ.

"ಗಂಟು ಕಟ್ಟು" ಎಂದ ಅವನು, ಇನ್ನೂ ನೀರು ಕುಡಿಯುವ ಮೊದಲೇ. "ಸಾಹೇಬ ಬಂದು ನಾಕ ಮಂದ್ಯಾಗ ಕೇಳೂದರಾಗ ರಾಜೀನಾಮೆ ಕೊಟ್ಟುಬಿಡು. ಮನ್ಯಾಗ ಕುಂತು ಮಗ್ಗದ ಕಂಡಕಿಗೆ ನೂಲು ಸುತ್ತು. ಎರಡ ತುತ್ತು ನನಗೇನ ಭಾರ ಅಲ್ಲ."

"ನಾ ಏನ ತಪ್ಪು ಮಾಡೇನಿ ಅಂತ ರಾಜೀನಾಮೆ ಕೊಡ್ಲಿ?"

"ತಪ್ಪಿನ ಮಾತಲ್ಲ ನೀಲಾ. ಮಾನದ ಮಾತು."

"ಮಾನಾ ನಂದು. ಅದನ್ನ ಎತ್ತಿಕೊಂಡು ಓಡಿಹೋದರ ಉಳೀತೈತೇನು? ಇಲ್ಲೇ ನಿಂತು ಉಳಿಸ್ಕೋತೇನಿ."

ರಾಚಪ್ಪ ಕೆಟ್ಟವನಲ್ಲ. ತಂಗಿಯ ಸೂಜಿಗಾಗಿ ದಿನಾಲೂ ಸೈಕಲ್ ತುಳಿದವನು. ಆದರೆ ಹೆದರಿದ್ದ, ಹೆದರಿಕೆಗೆ ದನಿ ಏರಿಸಿದ. ನೀಲಾಬಾಯಿ ಅವನಿಗೆ ರೊಟ್ಟಿ ಬಡಿದು ಉಣಿಸಿ, ಬಸ್ಸಿಗೆ ಕಳಿಸಿದಳು. ಮರುದಿನ ರಜೆ ಬರೆದಿಟ್ಟು, ದಸ್ತಗೀರಬಿಯನ್ನು ಕರೆದುಕೊಂಡು ಬಾಗಲಕೋಟೆಗೆ ಹೋದಳು. ಅಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರ್ ಮಲೀಕ್ ಎಂಬುವರು ಹೊಸದಾಗಿ ದವಾಖಾನೆ ಇಟ್ಟಿದ್ದಾರೆಂದು ದಸ್ತಗೀರಬಿ ಬಳೆ ಅಂಗಡಿಯಲ್ಲಿ ಕೇಳಿದ್ದಳು.

ಡಾಕ್ಟರ್ ಮಲೀಕ್ ಮಾತು ಕಡಿಮೆಯ ಮನುಷ್ಯ. ಎಲ್ಲ ಕೇಳಿಸಿಕೊಂಡು, ಯಾವ ಸೂಜಿ ತೆಗೆದುಕೊಂಡಿದ್ದಿರಿ ಎಂದು ಎರಡು ಸಲ ಕೇಳಿದರು. ಗೋಡೆಯ ಕ್ಯಾಲೆಂಡರಿನ ಸಣ್ಣ ಅಕ್ಷರ ಓದಿಸಿದರು. ಓದಿದಳು. ತಲೆಯನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸುತ್ತ ಓದಿರಿ ಎಂದರು. ಒಂದಕ್ಷರವೂ ಓದಲಾಗಲಿಲ್ಲ. ಆಮೇಲೆ ಮೂಲೆಯಲ್ಲಿದ್ದ ತಿರುಗುವ ಸ್ಟೂಲಿನ ಮೇಲೆ ಕೂಡಿಸಿದರು.

"ಕಣ್ಣು ಮುಚ್ಚಿ ಗಟ್ಟಿ ಹಿಡ್ಕೊಂಡು ಕುಂಡ್ರಿ. ಹೆದರಬ್ಯಾಡ್ರಿ."

ಸ್ಟೂಲನ್ನು ಬುಗುರಿಯ ಹಾಗೆ ಗರಗರ ತಿರುಗಿಸಿದರು. ಥಟ್ಟನೆ ನಿಲ್ಲಿಸಿ, ಕಣ್ಣು ತೆರೆಸಿ, ಬ್ಯಾಟರಿ ಹಿಡಿದು ನೋಡಿದರು. ಅವಳು ಅವರನ್ನು ನೋಡುತ್ತ ಸುಮ್ಮನೆ ಕೂತಿದ್ದಳು.

"ಹೆಂಗ ಅನಸ್ತದ?"

"ಏನೂ ಅನಸೂದಿಲ್ರಿ."

"ಏನೂ ಇಲ್ಲ?"

"ಕುಂತಂಗ ಕುಂತೇನಿ."

ಡಾಕ್ಟರು ದಸ್ತಗೀರಬಿಯತ್ತ ತಿರುಗಿ, "ಅಮ್ಮಾ, ನೀವು ಒಂದ ಗಳಿಗಿ ಬರ್ರಿ" ಎಂದರು. ದಸ್ತಗೀರಬಿ ಸೆರಗು ಬಿಗಿದುಕೊಂಡು ಕೂತಳು. ನಾಲ್ಕೈದು ಸುತ್ತು ಆಗುವುದರಲ್ಲೇ "ಯಾ ಅಲ್ಲಾ, ನಿಲ್ಲಸೋ ಮಾರಾಯಾ" ಎಂದು ಚೀರಿದಳು. ನಿಲ್ಲಿಸಿದ ಮೇಲೆ ಅವಳ ಕಣ್ಣಿನ ಗುಡ್ಡೆಗಳನ್ನು ನೀಲಾಬಾಯಿಗೆ ತೋರಿಸಿದರು. ಅವು ಒಂದು ಕಡೆ ಸರಿದು, ಪಟಕ್ಕನೆ ಹಿಂದೆ ಜಿಗಿದು, ಮತ್ತೆ ಸರಿದು ಮತ್ತೆ ಜಿಗಿಯುತ್ತಿದ್ದವು. ದಸ್ತಗೀರಬಿ ಟೇಬಲ್ಲು ತಬ್ಬಿಕೊಂಡು ಕೂತಿದ್ದಳು.

"ಹಿಂಗ ಆಗಬೇಕು" ಎಂದರು ಡಾಕ್ಟರ್ ಮಲೀಕ್. "ನಿಮಗ ಆಗಲಿಲ್ಲ. ಕಿವಿ ಒಳಗ ಅರ್ಧ ಬಳಿಯಂಥಾ ಮೂರು ಮೂರು ಸಣ್ಣ ಕೊಳವಿ ಇರತಾವ, ಅದರಾಗ ನೀರು. ತಲಿ ತಿರುಗಿದ್ರ ಆ ನೀರು ಹಿಂದ ಉಳೀತದ, ಅಲ್ಲಿರೋ ಕೂದಲು ಬಾಗತಾವ, ನರ ಮಿದುಳಿಗೆ ಸುದ್ದಿ ಕಳಸ್ತದ. ಸುಮ್ಮನ ಕುಂತಾಗೂ ಎರಡೂ ಕಿವಿ ನರ ಟಕ ಟಕ ಅಂತನ ಇರತಾವ. ಎಡಕ್ಕ ತಿರುಗಿದ್ರ ಎಡಗಡಿದು ಜೋರಾಗತದ, ಬಲಗಡಿದು ಮೆಲ್ಲಗಾಗತದ. ಮಿದುಳಿನ ಬುಡದಾಗ ಇದನ್ನ ಕೇಳಾಕಂತನ ನರಕೋಶ ಅದಾವ. ಎಷ್ಟು ಫರಕು ಅನ್ನೂದನ್ನ ಅವು ನೋಡಿ, ತಲಿ ಯಾಕಡೆ ಎಷ್ಟು ಜೋರು ತಿರುಗ್ತು ಅಂತ ತಿಳ್ಕೊಂಡು, ಕಣ್ಣನ್ನ ಅಷ್ಟ ಜೋರಿಲೆ ಅದರ ಉಲ್ಟಾ ಕಡೆ ಒಯ್ಯತಾವ. ಅದಕ್ಕ ನಾವು ಓಡಿದ್ರೂ ಜಗತ್ತು ನಿಂತಂಗ ಕಾಣತದ. ನಿಮಗ ಎರಡೂ ಕಿವಿಯಿಂದ ಸುದ್ದಿ ಬರೂದು ನಿಂತದ. ಸೂಜಿ ನಿಮ್ಮ ಜೀವ ಉಳಸೇತಿ. ಆದರ ಅದ ಸೂಜಿ ಕೆಲವರ ಕಿವಿಯ ಈ ಕಸುವು ಒಯ್ಯತದ."

"ಮತ್ತ ಬರೂದಿಲ್ಲೇನ್ರಿ?"

"ಇಲ್ಲ."

ನೀಲಾಬಾಯಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆಂದು ತಿಳಿಯದ ಸಿಟ್ಟು. "ಹಂಗಾದರ ನಾ ಹೆಂಗ ನಡೀಲಿ? ಮೂವತ್ತು ವರ್ಷಾನೂ ಆಗಿಲ್ಲ ನನಗ. ಗ್ವಾಡಿ ಹಿಡ್ಕೊಂಡು ಕುಂಡ್ರಲೇನು?"

"ಕುಂತ್ರ ಕೆಟ್ರಿ" ಎಂದರು ಡಾಕ್ಟರು. "ಆ ನರಕೋಶ ಅದಾವಲ್ಲ, ಅವು ಕಿವಿ ಮಾತು ಒಂದ ಕೇಳೂದಿಲ್ಲ. ಕುತ್ತಿಗಿ ಹೇಳೂದು ಕೇಳತಾವ, ಕಣ್ಣು ಹೇಳೂದು ಕೇಳತಾವ, ಪಾದ ಹೇಳೂದೂ ಕೇಳತಾವ. ಕಿವಿ ಸುಮ್ಮನಾದ್ರ ಉಳದವರ ಮಾತಿಗೆ ಹೊಂದ್ಕೋತಾವ. ಆದರ ಪುಕ್ಕಟ ಅಲ್ಲ. ತಲಿ ತಿರುವಬೇಕು, ನಡೀಬೇಕು, ಬೀಳಬೇಕು, ಎದ್ದು ಮತ್ತ ನಡೀಬೇಕು. ನಿಮಗ ಯಾವುದು ತ್ರಾಸೋ ಅದನ್ನ ಮಾಡಬೇಕು. ಎಲ್ಲಾ ಸರಿ ಆಗೂದಿಲ್ಲ. ಕತ್ತಲಾಗ, ನೀರಾಗ ಯಾವಾಗೂ ಹುಷಾರಿರಬೇಕು. ಒಬ್ಬರ ಈಜಾಕ ಹೋಗಬ್ಯಾಡ್ರಿ."

ಆಮೇಲೆ ಕಾಗದ ಎಳೆದುಕೊಂಡು, "ಶಿಕ್ಷಕಿ ಕೆಲಸಕ್ಕ ಯೋಗ್ಯರಲ್ಲ, ಕುಂತು ಮಾಡೋ ಕೆಲಸ ಕೊಡ್ರಿ ಅಂತ ಬರದುಕೊಡ್ಲೇನು? ಅದಿಲ್ಲಂದ್ರ ಪಿಂಚಣಿ ಸಿಗಬಹುದು" ಎಂದರು.

"ಯೋಗ್ಯರಲ್ಲ ಅಂತ ಬರೀಬ್ಯಾಡ್ರಿ. ಕುಡಿಯೂದಿಲ್ಲ ಅಂತ ಬರೀರಿ. ಕಲಸಾಕ ಬರತೈತಿ ಅಂತ ಬರೀರಿ."

"ಮೊದಲಿಂದು ಬರೀತೇನಿ. ಎರಡನೇದು ನೀವ ತೋರಸಬೇಕು" ಎಂದು ಅವರು ಮೊದಲ ಸಲ ನಕ್ಕರು.

ಊರಿಗೆ ಬಂದವಳು ಮರುದಿನದಿಂದಲೇ ಸುರು ಮಾಡಿದಳು. ಮೊದಲು ಮಾಳಿಗೆಯ ಮೇಲೆ, ದಸ್ತಗೀರಬಿ ಒಣಹಾಕಿದ ಮೆಣಸಿನಕಾಯಿಯ ಸುತ್ತ. ಹೆಬ್ಬೆರಳನ್ನು ಕಣ್ಣೆದುರು ಹಿಡಿದು ಅದನ್ನೇ ನೋಡುತ್ತ ತಲೆಯನ್ನು ಎಡಕ್ಕೆ, ಬಲಕ್ಕೆ. ಆಮೇಲೆ ನಡೆಯುತ್ತ ಎಡಕ್ಕೆ, ಬಲಕ್ಕೆ. ಸಂಜೆಯಾಗುವ ಹೊತ್ತಿಗೆ ಕುತ್ತಿಗೆ ಕಲ್ಲಾಗುತ್ತಿತ್ತು, ಕಣ್ಣು ಉರಿಯುತ್ತಿದ್ದವು, ತಿಂದದ್ದೆಲ್ಲ ಗಂಟಲಿಗೆ ಬರುತ್ತಿತ್ತು. ಮೆಣಸಿನಕಾಯಿಯ ಮೇಲೆ ಬಿದ್ದು ಮೈಯೆಲ್ಲ ಖಾರ ಮಾಡಿಕೊಂಡ ದಿನ ದಸ್ತಗೀರಬಿ ಬೈದಳು.

"ಸಾಕು ಬಿಡು ನೀಲವ್ವಾ. ಕೈಯಾಗ ಕಾಗದ ಐತಿ, ಸಾಹೇಬಗ ತೋರಿಸಿದ್ರ ಮುಗೀತು."

"ಸಾಹೇಬ ಕಾಗದ ಓದಿ ಹುನಗುಂದಕ್ಕ ಹೋಗ್ತಾನ ಚಾಚಿ. ನಾ ಇಲ್ಲೇ ಇರಾಕಿ."

ಮಾಳಿಗೆ ಸಾಲದಾಯಿತು. ಅಲ್ಲಿ ಯಾರೂ ನೋಡುವುದಿಲ್ಲ ಎಂಬುದೂ ಅವಳಿಗೆ ಸರಿಬರಲಿಲ್ಲ. ಕಳ್ಳಿಯ ಹಾಗೆ ಮೇಲೆ ಹತ್ತಿ ನಡೆಯುವುದೇಕೆ? ಬೀದಿಗೆ ಇಳಿದಳು. ದಿನಾ ಶಾಲೆ ಬಿಟ್ಟ ಮೇಲೆ ಹೊಲದ ದಾರಿಯಿಂದ ಸುರುಮಾಡಿ, ಹಣಮಪ್ಪನ ಕಟ್ಟೆಯ ಮುಂದೆ ಹಾಯ್ದು, ತಲೆಯನ್ನು ಆ ಕಡೆ ಈ ಕಡೆ ತಿರುವುತ್ತ ಬಂದಳು. ಕರಿಯ ಹೊಲದ ಹೆಂಟೆಗಳ ಮೇಲೆ ನಡೆದಳು. ಬಿದ್ದಾಗ ಎದ್ದಳು. "ಕುಡಿಯೂದು ಬಿಟ್ಟು ಈಗ ಹುಚ್ಚು ಹಿಡೀತು" ಎಂದರು ಕಟ್ಟೆಯವರು. ಕೆಲವು ದಿನ ಪಡ್ಡೆ ಹುಡುಗರು ಅವಳ ಹಿಂದೆ ತಲೆ ಅಲ್ಲಾಡಿಸುತ್ತ ನಡೆದರು. ಅವಳು ನಿಂತು, ಹಿಂತಿರುಗಿ, "ಹಂಗಲ್ಲ, ಗದ್ದ ಎತ್ತಿ ತಿರುವ್ರಿ" ಎಂದು ತೋರಿಸಿಕೊಟ್ಟಳು. ಆಟದ ರುಚಿ ಹೋಗಿ ಅವರು ಬಿಟ್ಟರು. ಒಂದು ಸಂಜೆ ಸೋಮವ್ವ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದವಳು ಕಟ್ಟೆಯ ಮುಂದೆಯೇ ನಿಂತು, ಗಟ್ಟಿಯಾಗಿ ಕೇಳಿದಳು:

"ಅಕ್ಕೋರ, ಇದು ಏನಾಗೇತಿ ನಿಮಗ? ನಮಗೂ ಹೇಳ್ರಿ. ಅವರು ಒಂದ ಅಂತಾರ, ಇವರು ಒಂದ ಅಂತಾರ."

ನೀಲಾಬಾಯಿ ಅಲ್ಲೇ ನಿಂತು, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಕಿವಿಯೊಳಗಿನ ನೀರು, ಟಕ ಟಕ ಎನ್ನುವ ನರ, ಕ್ಷಯದ ಸೂಜಿ. ಕ್ಷಯ ಎಂಬ ಶಬ್ದವನ್ನು ಊರಲ್ಲಿ ಮುಚ್ಚಿಟ್ಟಿದ್ದಳು. ಅದನ್ನೂ ಹೇಳಿದಳು. ಕಟ್ಟೆಯವರು ಕೇಳಿಸಿಕೊಳ್ಳದವರ ಹಾಗೆ ಕೇಳಿಸಿಕೊಂಡರು. ಕೆಲವು ಹೆಂಗಸರು ಅಂದಿನಿಂದ ಅವಳಿಗೆ ನೀರು ಕೊಡಲು ಹಿಂದೆಮುಂದೆ ನೋಡಿದ್ದೂ ಖರೆ. ಸೋಮವ್ವ ಮಾತ್ರ ಹೊರೆ ಇಳಿಸಿ, ಅವಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ ಕಣ್ಣುಗಳನ್ನು ಪರೀಕ್ಷಿಸಿದಳು.

ಚೌಕಶಿಗೆ ಬಂದವರು ಸಂಗಯ್ಯ ಎಂಬ ಇನ್‌ಸ್ಪೆಕ್ಟರ್ ಸಾಹೇಬರು. ನಡುವಯಸ್ಸು, ಬಿಳಿ ಟೊಪ್ಪಿಗೆ, ಯಾರ ಮನಸ್ಸೂ ನೋಯಿಸಬಾರದೆಂದು ಎಲ್ಲರಿಗೂ ಹೌದೆನ್ನುವ ಸ್ವಭಾವ. ಶಾಲೆಯ ಅಂಗಳದಲ್ಲಿ ಕುರ್ಚಿ ಹಾಕಿದರು. ಊರೇ ನೆರೆಯಿತು. ರಾಚಪ್ಪನೂ ಇಳಕಲ್ಲಿನಿಂದ ಬಂದು ಗೋಡೆಗೆ ಒರಗಿ, ತಲೆ ತಗ್ಗಿಸಿ ನಿಂತಿದ್ದ. ಸಂಗಯ್ಯನವರು ಡಾಕ್ಟರ ಇಂಗ್ಲಿಷ್ ಕಾಗದವನ್ನು ಎರಡು ಸಲ ಓದಿ ಮಡಚಿದರು.

"ಇದೇನೋ ಕಿವಿ ಬ್ಯಾನಿ ಅಂತ ಬರದಾರ" ಎಂದರು ಅನುಮಾನದಿಂದ.

"ಕಿವಿ ಬ್ಯಾನಿ ಇದ್ದವರು ಓಣ್ಯಾಗ ಬೀಳ್ತಾರೇನ್ರಿ ಸಾಹೇಬ್ರ?" ಅಮಸಿದ್ದಪ್ಪ ಎದ್ದು ನಿಂತ. "ಕಾಗದ ಯಾರೂ ಬರದು ಕೊಡ್ತಾರ. ಅಕ್ಕೋರು ನಮ್ಮೆಲ್ಲಾರ ಮುಂದ ಕಣ್ಣು ಮುಚ್ಚಿ ಈ ಗ್ವಾಡಿಯಿಂದ ಆ ಕಂಬದ ತನಕ ನೆಟ್ಟಗ ನಡದು ತೋರಸ್ಲಿ. ನಡದ್ರ ನಾನ ಅರ್ಜಿ ಹಿಂದ ತಗೋತೇನಿ."

ಸಂಗಯ್ಯನವರಿಗೆ ಇದು ಸುಲಭದ ದಾರಿಯಾಗಿ ಕಂಡಿತು. "ಆಗಬಹುದೇನಮ್ಮಾ?"

ನೀಲಾಬಾಯಿ ಮುಂದೆ ಬಂದಳು.

"ಕಣ್ಣು ಮುಚ್ಚಿ ನಡದ್ರ ನಾ ಬೀಳ್ತೇನ್ರಿ. ಮೊದಲ ಹೇಳ್ತೇನಿ. ಮುಂಜಾನಿ ಹೊತ್ತು, ನೀವ ಹತ್ತರ ಬಂದು ಬಾಯಿ ಮೂಸಿ ನೋಡ್ರಿ. ಆಮ್ಯಾಲೆ ಬೀಳೂದನ್ನ ನೋಡ್ರಿ."

"ಬ್ಯಾಡ ನೀಲಾ!" ಎಂದ ರಾಚಪ್ಪ ಗೋಡೆಯ ಕಡೆಯಿಂದ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಣ್ಣು ಮುಚ್ಚಿ ಹೆಜ್ಜೆ ಎತ್ತಿದಳು. ಸ್ವಲ್ಪ ದೂರ ಹೋಗುವಷ್ಟರಲ್ಲೇ ಮೈ ಒಂದು ಕಡೆ ವಾಲಿತು. ತಡೆದುಕೊಳ್ಳಲು ಕೈ ಚಾಚಿದಳು. ಹಿಡಿಯಲು ಏನೂ ಇರಲಿಲ್ಲ. ಮೊಣಕಾಲೂರಿ ಬಿದ್ದಳು. ಕಟ್ಟೆಯವರಲ್ಲಿ ಯಾರೋ ಕಿಸಕ್ಕೆಂದರು. ಮಕ್ಕಳು ಮಾತ್ರ ನಗಲಿಲ್ಲ. ಅವಳು ತಾನೇ ಎದ್ದು, ಅಂಗೈಯ ಮಣ್ಣು ಒರೆಸಿಕೊಂಡು ನೇರ ಅಮಸಿದ್ದಪ್ಪನ ಎದುರು ಬಂದು ನಿಂತಳು.

"ನೋಡಿದ್ರಲ್ಲ? ಹೇಳೇ ಬಿದ್ದೇನಿ. ಇನ್ನೂ ಹತ್ತು ಸಲ ಬಿದ್ದು ತೋರಸ್ತೇನಿ. ಆದರ ಹಿರಿಯರ, ನಾ ಕಣ್ಣು ಮುಚ್ಚಿ ಕಲಸೂದಿಲ್ಲ. ಕಣ್ಣು ತಗದು ಕಲಸ್ತೇನಿ. ಇನ್ನ ಕುಡದವರಿಗೆ ಏನಾಗತೈತಿ ಅನ್ನೂದು ನಿಮಗ ನನಗಿಂತ ಚೊಲೋ ಗೊತ್ತಿರಬೇಕು. ಚಕ್ಕರ್ ಬರತೈತಿ, ಹೌದಲ್ಲೋ? ಸೋಮವ್ವಾ, ಬಾ ಇಲ್ಲಿ. ಫುಗಡಿ ಆಡೂಣು."

ಸೋಮವ್ವ ನಾಚಿದಳು. ನಾಗರಪಂಚಮಿ ಅಲ್ಲ ಏನಿಲ್ಲ, ಸಾಹೇಬರ ಮುಂದೆ ಫುಗಡಿ! ಆದರೆ ನೀಲಾಬಾಯಿ ಕೈ ಚಾಚಿಯೇ ನಿಂತಿದ್ದಳು. ಸೋಮವ್ವ ಬಂದು ಕೈಗೆ ಕೈ ಹೆಣೆದಳು. ಇಬ್ಬರೂ ಪಾದ ಜೋಡಿಸಿ, ಹಿಂದಕ್ಕೆ ಬಾಗಿ ತಿರುಗತೊಡಗಿದರು. ಮೊದಲು ಮೆಲ್ಲಗೆ, ಆಮೇಲೆ ಜೋರು, ಆಮೇಲೆ ಇಬ್ಬರ ಸೀರೆಗಳೂ ಒಂದೇ ಬಣ್ಣವಾಗುವಷ್ಟು ಜೋರು. ಮಕ್ಕಳು ಚಪ್ಪಾಳೆ ಹೊಡೆಯತೊಡಗಿದರು. ನೀಲಾಬಾಯಿಗೆ ಸೋಮವ್ವನ ಮುಖ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಆ ಮುಖ ಮಾತ್ರ ಬಹಳ ತಿಂಗಳ ಮೇಲೆ ಅಲ್ಲಾಡದೆ ನಿಂತಿತ್ತು.

"ಸಾಕ್ರೀ ಅಕ್ಕೋರ, ಸತ್ನಿ!" ಎಂದು ಸೋಮವ್ವ ಕೂಗಿದಾಗ ನಿಲ್ಲಿಸಿದರು. ಎತ್ತಿನ ಬಲದ ಸೋಮವ್ವ ಎರಡು ಸುತ್ತು ತೂರಾಡಿ ಧೊಪ್ಪನೆ ನೆಲಕ್ಕೆ ಕೂತಳು. ತಲೆ ಹಿಡಿದುಕೊಂಡು, "ಭೂಮಿ ತಿರಗಾಕತ್ತೈತಿ" ಎಂದು ನಕ್ಕಳು. ನೀಲಾಬಾಯಿ ಒಂದು ಹೆಜ್ಜೆ ತಪ್ಪಿ, ಸಾವರಿಸಿಕೊಂಡು, ಕಣ್ಣು ಕಂಬದ ಮೇಲಿಟ್ಟು ನಿಂತಳು. ಆಮೇಲೆ ಆ ಕಂಬದ ತನಕ ನಡೆದು, ಮುಟ್ಟಿ, ವಾಪಸು ಬಂದಳು. ತೀರ ನೆಟ್ಟಗೇನಲ್ಲ. ಆದರೆ ಬೀಳಲಿಲ್ಲ.

"ನನಗ ಚಕ್ಕರ್ ಬರೂದ ಇಲ್ರಿ ಸಾಹೇಬ್ರ. ಬೇಕಾದರೂ ಬರೂದಿಲ್ಲ. ಅದ ನನ್ನ ಬ್ಯಾನಿ. ಅಮಸಿದ್ದಪ್ಪನವರ, ನೀವೂ ಬರ್ರಿ, ಒಂದ ಫುಗಡಿ ಆಡೂಣು. ಯಾರು ಕುಡದಾರ ಅನ್ನೂದು ತಿಳೀಲಿ."

ಹೆಂಗಸರ ಗುಂಪು ಹೋ ಎಂದು ನಕ್ಕಿತು. ಅಮಸಿದ್ದಪ್ಪನ ಮುಖ ಕಪ್ಪಿಟ್ಟಿತು. "ಗಂಡಸರು ಫುಗಡಿ ಆಡ್ತಾರೇನು" ಎಂದು ಏನೋ ಗೊಣಗಿದ. ಸಂಗಯ್ಯನವರು ಎದ್ದು ನಿಂತು, ಟೊಪ್ಪಿಗೆ ಸರಿಮಾಡಿಕೊಂಡು, "ಆತು, ಆತು, ರಿಪೋರ್ಟು ಮ್ಯಾಲೆ ಹೋಗತದ" ಎಂದರು. ಅರ್ಜಿ ಹಿಂದಕ್ಕೆ ಹೋಗಲಿಲ್ಲ. ಆದರೆ ಅದರ ಮೇಲೆ ಹೆಬ್ಬೆಟ್ಟು ಒತ್ತಿದವರಲ್ಲಿ ಕೆಲವರು ಅದೇ ದಿನ ಸಂಜೆ ತಮ್ಮ ಮಕ್ಕಳನ್ನು ನೀಲಾಬಾಯಿಯ ಮನೆಗೆ ಪಾಠಕ್ಕೆ ಕಳಿಸಿದರು.

ರಾಚಪ್ಪ ಆ ದಿನ ಸಂಜೆಯ ಬಸ್ಸಿಗೇ ಹೊರಟುಹೋದ. ಅವನು ಏನು ಮಾಡಿದನೆಂಬುದು ಬೇಸಿಗೆ ರಜೆಯಲ್ಲಿ ತಿಳಿಯಿತು. ಕುಡಿತದ ಆರೋಪ ಸಾಬೀತಾಗಿಲ್ಲವೆಂಬ ಆದೇಶದ ಜೊತೆಗೇ ಆರೋಗ್ಯದ ಕಾರಣ ಇಳಕಲ್ಲಿಗೆ ವರ್ಗ ಎಂಬ ಆದೇಶವೂ ಬಂದಿತ್ತು. ಅಣ್ಣ ಯಾರ ಯಾರದೋ ಕೈಕಾಲು ಹಿಡಿದು ಮಾಡಿಸಿದ್ದ. ನೀಲಾಬಾಯಿ ಬಸ್ಸು ಹಿಡಿದು ಹುನಗುಂದದ ಆಫೀಸಿಗೆ ಹೋದಳು.

"ಉಪಕಾರ ಮಾಡೇವಿ ತಂಗಿ" ಎಂದರು ಸಂಗಯ್ಯನವರು. "ಮಂದಿ ತಮ್ಮೂರಿಗೆ ವರ್ಗಾ ಬೇಕಂತ ನನ್ನ ಬಾಗಲಾ ಕಾಯತಾರ. ನೀವು ಬ್ಯಾಡ ಅಂತ ಬಂದೀರಿ."

"ಈಗ ಹ್ವಾದರ ಕುಡದದ್ದಕ್ಕ ಕಳಿಸಿದ್ರು ಅಂತನ ಆ ಊರಾಗ ಉಳೀತೈತಿ ಸಾಹೇಬ್ರ. ಉಳ್ಳಾಗಡ್ಡಿ ಚೀಲಾನೂ ತಿರುಗಿ ಬರತಾವ. ನಾ ಹೋಗೂದಿಲ್ಲ."

"ಹಟಾ ಮಾಡಬಾರದು."

"ಮಾಡೇ ಇಲ್ಲೀತನ ನಡದ ಬಂದೇನ್ರಿ."

ಅವಳು ಮಧ್ಯಾಹ್ನದ ತನಕ ಆ ಬೆಂಚಿನ ಮೇಲಿಂದ ಏಳಲಿಲ್ಲ. ಕಡೆಗೆ ಸಂಗಯ್ಯನವರೇ ಬೇಸತ್ತು, ವರ್ಗ ರದ್ದು ಮಾಡಲು ಬರೆಯುತ್ತೇನೆ ಎಂದು ಒಪ್ಪಿದರು. ರಾಚಪ್ಪ ಒಂದು ವರ್ಷ ತಂಗಿಯ ಜೊತೆ ಮಾತು ಬಿಟ್ಟ. ಮರುವರ್ಷದ ಪಂಚಮಿಗೆ ತಾನೇ ನೇಯ್ದ ಸೀರೆ ತಂದು ಹೊಸ್ತಿಲಲ್ಲಿ ನಿಂತ. "ನಿನ್ನ ಕುತ್ತಿಗಿ ಹೆಂಗೈತಿ" ಎಂದು ಕೇಳಿದ, ಒಳಗೆ ಬಂದ.

ದಾರಿ ಕುಣಿಯುವುದು ಪೂರ್ತಿ ನಿಲ್ಲಲಿಲ್ಲ. ಕಡಿಮೆಯಾಯಿತು, ಅಥವಾ ಅವಳಿಗೆ ರೂಢಿಯಾಯಿತು. ಯಾವುದೆಂದು ಅವಳಿಗೂ ಹೇಳಲು ಬರುತ್ತಿರಲಿಲ್ಲ. ಕತ್ತಲಲ್ಲಿ ಕಂದೀಲು ಇಲ್ಲದೆ ಹೊರಬೀಳುತ್ತಿರಲಿಲ್ಲ. ಮಂದಿಯನ್ನು ಗುರುತಿಸಲು ಈಗಲೂ ನಿಲ್ಲುತ್ತಿದ್ದಳು. ಊರವರೂ ಅವಳನ್ನು ಕಂಡರೆ ತಾವೇ ನಿಂತು ಹೆಸರು ಹೇಳುವುದನ್ನು ಕಲಿತಿದ್ದರು. ಅಮಸಿದ್ದಪ್ಪ ಮಾತ್ರ ನಿಲ್ಲುತ್ತಿರಲಿಲ್ಲ. ಅವನ ಮುಖ ಮೇಲೆ ಕೆಳಗೆ ಜಿಗಿಯುತ್ತಲೇ ಹಾದುಹೋಗುತ್ತಿತ್ತು.

ಎಂಬತ್ತೆರಡರ ಚಳಿಗಾಲದಲ್ಲಿ ಶಾಲೆಯ ಮಕ್ಕಳನ್ನು ಬಾದಾಮಿಗೆ ಕರೆದೊಯ್ದಳು. ಜೊತೆಗೆ ಹೊಸದಾಗಿ ಬಂದಿದ್ದ ಈರಪ್ಪ ಮಾಸ್ತರ. ಮೇಣಬಸದಿ ಗುಹೆಗಳ ಮೆಟ್ಟಿಲುಗಳ ಬುಡದಲ್ಲಿ ಅವನು ಕಾಳಜಿಯಿಂದ ಹೇಳಿದ:

"ಅಕ್ಕೋರ, ನೀವು ಇಲ್ಲೇ ನೆರಳಿಗೆ ಕುಂತಿರ್ರಿ. ಹುಡುಗೂರನ್ನ ನಾ ತೋರಿಸ್ಕೊಂಡು ಬರ್ತೇನಿ."

"ನಾ ನೋಡಾಕ ಬಂದೇನಿ, ಕುಂಡ್ರಾಕ ಬಂದಿಲ್ಲ" ಎಂದು ಅವಳು ಹತ್ತಿದಳು. ಒಂದು ಕೈ ಕೆಂಪು ಬಂಡೆಯ ಮೇಲೆ, ಕಣ್ಣು ಮುಂದಿನ ಮೆಟ್ಟಿಲ ಮೇಲೆ. ಹತ್ತುವುದು ತ್ರಾಸಾಗಲಿಲ್ಲ. ಎಲ್ಲ ಗುಹೆಗಳನ್ನೂ ನೋಡಿದರು. ಮಂಗಗಳು ಇಬ್ಬರು ಮಕ್ಕಳ ಬುತ್ತಿ ಕಸಿದವು. ಮೇಲಿನಿಂದ ಕೆರೆಯ ಹಸಿರು ನೀರು ಕಂಡಿತು.

ಇಳಿಯುವಾಗ ಸಂಗತಿ ಬೇರೆ. ಕೆಳಗೆ ನೋಡಿದ ಕೂಡಲೇ ಮೆಟ್ಟಿಲುಗಳೆಲ್ಲ ಒಂದರೊಳಗೊಂದು ಸೇರಿ ಕುಣಿಯತೊಡಗಿದವು. ಜನ ಇಳಿಯುವ ಬದಿಯಲ್ಲಿ ಹಿಡಿಯಲು ಬಂಡೆ ಇರಲಿಲ್ಲ. ಈರಪ್ಪ ಮಾಸ್ತರ ಕೈ ಕೊಡಲು ಹಿಂದೆಮುಂದೆ ನೋಡುತ್ತಿದ್ದ. ಹಿಂದೆ ಪರವೂರ ಪ್ರವಾಸಿಗಳು ಕಾಯುತ್ತಿದ್ದರು. ನೀಲಾಬಾಯಿ ಒಮ್ಮೆ ಉಸಿರೆಳೆದು, ಅಣ್ಣ ನೇಯ್ದ ಸೀರೆಯನ್ನು ಮೊಣಕಾಲಿಗೆ ಬಿಗಿದು ಒತ್ತಿಕೊಂಡು, ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕೂತು, ಜಾರಿ, ಮುಂದಿನ ಮೆಟ್ಟಿಲಿಗೆ ಇಳಿದಳು. ಮತ್ತೆ ಜಾರಿದಳು.

"ಅಕ್ಕೋರ, ಮಂದಿ ನೋಡಾಕತ್ತಾರ" ಎಂದ ಈರಪ್ಪ ಮಾಸ್ತರ ಪಿಸುದನಿಯಲ್ಲಿ.

"ನೋಡ್ಲಿ. ಬಾದಾಮಿಗೆ ನೋಡಾಕ ಬಂದಾರಲ್ಲ."

ಹಿಂದಿನಿಂದ ಒಬ್ಬ ಹುಡುಗಿ ಬಂದು ಅವಳ ಪಕ್ಕದಲ್ಲೇ ಕೂತು ಜಾರಿದಳು. ಆಮೇಲೆ ಇನ್ನೊಬ್ಬ. ನೋಡನೋಡುತ್ತ ಕರಿಮಡ್ಡಿಯ ಶಾಲೆಯೆಲ್ಲ ಮೆಟ್ಟಿಲ ತುಂಬ ಕೂತು, ಕಿರುಚುತ್ತ, ನಗುತ್ತ ಇಳಿಯತೊಡಗಿತು. ಕ್ಯಾಮೆರಾ ಹಿಡಿದಿದ್ದ ಪ್ರವಾಸಿಯೊಬ್ಬ ಗುಹೆಗೆ ಬೆನ್ನು ತಿರುಗಿಸಿ ಇವರ ಫೋಟೋ ತೆಗೆದ. ಈರಪ್ಪ ಮಾಸ್ತರ ಚೀಲಗಳನ್ನು ಎದೆಗೊತ್ತಿಕೊಂಡು ನಡುವೆ ಕಂಬದ ಹಾಗೆ ನಿಂತಿದ್ದ.

"ಮಾಸ್ತರ, ನಿಂತು ಇಳಿಯೂದೂ ಚೊಲೋ, ಕುಂತು ಇಳಿಯೂದೂ ಚೊಲೋ" ಎಂದಳು ನೀಲಾಬಾಯಿ ಅವನ ಕಾಲ ಬಳಿ ಬಂದು. "ದಾರಿಯಾಗ ನಿಂದ್ರಬ್ಯಾಡ್ರಿ."

ಬುಡಕ್ಕೆ ಬಂದು ಎದ್ದು ನಿಂತು, ಸೀರೆಗೆ ಹತ್ತಿದ ಕೆಂಪು ಧೂಳು ಕೊಡವಿದಳು. ಆಮೇಲೆ ಎಲ್ಲರಿಗೂ ಕೈ ತೊಳೆಯಲು ಹೇಳಿ, ಉಳಿದಿದ್ದ ಬುತ್ತಿಗಳನ್ನು ಬಿಚ್ಚಿಸಿದಳು.